ಅಪ್ಪ ಬಿಚ್ಚಿ ಜೋಡಿಸಿದ ಗಿಟಾರು

ಇದು ಆಗುವ ಮಾತಲ್ಲ ಎಂದವರು ನನ್ನ ಸೋದರಮಾವ. ಹರಿಹರದಲ್ಲಿ ಅವರದೊಂದು ಕಿರಾಣಿ ಅಂಗಡಿ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಗೆ ಬರುತ್ತಾರೆ, ಅಕ್ಕನ ಕೈಯ ಚಹಾ ಕುಡಿಯುತ್ತಾರೆ, ಮನೆಗೆ ಹೊಸದೇನು ಬಂದಿದೆ ಎಂದು ಒಂದು ಸುತ್ತು ಕಣ್ಣಾಡಿಸುತ್ತಾರೆ. ಅವತ್ತು ಅವರ ಕಣ್ಣಿಗೆ ಬಿದ್ದದ್ದು ಬೀರುವಿಗೆ ಒರಗಿಸಿಟ್ಟಿದ್ದ ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರು.

“ಇದೇನಕ್ಕ ಇದು? ಯಾರ್ದು?”

“ನಿನ್ನ ಸೊಸೀದು,” ಎಂದಳು ಅವ್ವ. “ಮಿಕ್ಸರ್ ಕೆಟ್ಟೈತೆ, ಹೊಸಾದು ತಾರವ್ವ ಅಂದಿದ್ದೆ. ಇದನ್ನ ತಂದಾಳೆ. ಇದ್ರಾಗೇ ಚಟ್ನಿ ರುಬ್ಬು ಅಂತಾಳೇನೋ, ನೋಡ್ಬೇಕು.”

ಮಾವ ಹತ್ತಿರ ಹೋಗಿ ಒಂದು ತಂತಿಯನ್ನು ಎಳೆದು ಬಿಟ್ಟರು. ತಗಡಿನ ಮೇಲೆ ಕಲ್ಲು ಬಿದ್ದಂತಹ ಸದ್ದು ಬಂತು.

“ಅಲ್ಲವ್ವ, ನಮ್ಮ ಮನಿತನದಾಗೆ ನೆಟ್ಟಗೆ ಒಂದು ತಾಳ ಹಾಕಿದೋರಿಲ್ಲ. ಭಜನಿಗೆ ಕರೆದ್ರೆ ನಿಮ್ಮಜ್ಜ ಚಾಪಿ ಹಾಸಿ ಬರಾಕೆ ಮಾತ್ರ ಹೋಗ್ತಿದ್ದ. ನಲವತ್ತೊಂದು ವರ್ಷ ಆತು ನಿನಗೆ. ಇದು ಆಗೂ ಮಾತಲ್ಲ ಬಿಡು.”

“ಡಿಗ್ರಿನೂ ಆಗೂ ಮಾತಲ್ಲ ಅಂದಿದ್ರಿ ಮಾವ.”

“ಅದು ಓದಿದ್ರೆ ಆಗ್ತೈತೆ. ಇದು ರಕ್ತದಾಗೆ ಇರ್ಬೇಕು.” ಆಮೇಲೆ ಅಪ್ಪನ ಕಡೆ ತಿರುಗಿದರು. “ಏನ್ ಭಾವ, ನಾನು ಹೇಳಿದ್ದು ಖರೇನೋ ಸುಳ್ಳೋ?”

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಪ್ಪ ನಕ್ಕು ತಲೆಯಾಡಿಸಿದ. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಆದರೂ ನಾವೆಲ್ಲ ಅವನು ಉತ್ತರ ಕೊಟ್ಟ ಹಾಗೆಯೇ ಮಾತು ಮುಂದುವರಿಸಿದೆವು. ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಹೀಗೇ ನಡೆದಿತ್ತು.

ಅಪ್ಪ ಹರಿಹರದ ಒಂದು ಯಂತ್ರದ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತಿನ ಮುಂದೆ ಮೂವತ್ತು ವರ್ಷ ನಿಂತವನು. ಸುತ್ತ ಕಬ್ಬಿಣ ಕೊರೆಯುವ, ಬಡಿಯುವ, ಉಜ್ಜುವ ಸದ್ದು. ಆಗ ಕಿವಿಗೆ ಹತ್ತಿ ಇಟ್ಟುಕೊಂಡವರನ್ನು ಉಳಿದವರು ಮದುಮಗಳು ಎಂದು ಆಡಿಕೊಳ್ಳುತ್ತಿದ್ದರಂತೆ, ಅಪ್ಪ ಇಟ್ಟುಕೊಳ್ಳಲಿಲ್ಲ. ನಿವೃತ್ತಿಯ ಹೊತ್ತಿಗೆ ಟಿ.ವಿ.ಯ ದನಿ ಏರಿತು, ಆಮೇಲೆ ಟಿ.ವಿ.ಯೇ ಬೇಡವಾಯಿತು. ಕಿವಿ ಮಿಷನ್ನು ಕೊಡಿಸಿದೆ. ಒಂದು ವಾರ ಹಾಕಿಕೊಂಡು, “ತಲಿಯಾಗೆ ಸ್ಟೀಲ್ ಪಾತ್ರೆ ಬಿದ್ದಂಗ ಆಗ್ತೈತೆ, ನನಗೆ ಬ್ಯಾಡ,” ಎಂದು ಅದನ್ನು ಸುಣ್ಣದ ಡಬ್ಬಿಯಂತಹ ಅದರ ಡಬ್ಬಿಯಲ್ಲಿಟ್ಟು ಮುಚ್ಚಿಬಿಟ್ಟ.

ಅವನು ಜನರಿಂದ ದೂರವಾದದ್ದು ಮಾತ್ರ ಒಂದೇ ದಿನದಲ್ಲಿ. ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಜೊತೆಗಾರನೊಬ್ಬ ಸಿಕ್ಕು, ತನ್ನ ಹೆಂಡತಿ ತೀರಿಕೊಂಡ ಸುದ್ದಿ ಹೇಳಿದ. ಅಪ್ಪ ಎಂದಿನಂತೆ ನಕ್ಕು, “ಬಾಳ ಸಂತೋಷ, ಬರ್ತೀವಿ,” ಎಂದ. ಆ ಮನುಷ್ಯ ದಿಟ್ಟಿಸಿ ನೋಡಿ ಹೊರಟುಹೋದ. ಏನಾಯಿತೆಂದು ಜೊತೆಗಿದ್ದ ಅವ್ವ ಮನೆಗೆ ಬಂದ ಮೇಲೆ ಅಪ್ಪನ ಕಿವಿಯ ಹತ್ತಿರ ಕೂಗಿ ಹೇಳಿದಳು. ಅಂದಿನಿಂದ ಅಪ್ಪ ಮದುವೆಗೆ ಹೋಗಲಿಲ್ಲ, ಮಣ್ಣಿಗೆ ಹೋಗಲಿಲ್ಲ, ಓಣಿಯ ಕಟ್ಟೆಯ ಮೇಲೂ ಕೂರಲಿಲ್ಲ. ಊಟಕ್ಕೆ ಕರೆದರೆ ಬರುವುದು, ನಕ್ಕು ತಲೆಯಾಡಿಸುವುದು, ಕಿಟಕಿಯ ಪಕ್ಕ ಕೂರುವುದು. ಅಪ್ಪ ನಮ್ಮ ಕಣ್ಣೆದುರೇ ಇದ್ದ, ಮಾತಿಗೆ ಮಾತ್ರ ಸಿಗುತ್ತಿರಲಿಲ್ಲ. ಅವನನ್ನು ಮತ್ತೆ ನಾಲ್ಕು ಜನರ ನಡುವೆ ಕೂರಿಸುವುದು ಹೇಗೆಂದು ನನಗೆ ತಿಳಿಯುತ್ತಿರಲಿಲ್ಲ.

ನನ್ನ ಬಗ್ಗೆ ಎರಡು ಮಾತು. ತಂದೆಯ ಕಡೆ, ತಾಯಿಯ ಕಡೆ, ಎರಡೂ ಕಡೆ ಸೇರಿ ಪದವಿ ಮುಗಿಸಿದ ಮೊದಲನೆಯವಳು ನಾನು. ಅಪ್ಪ ಓದಿದ್ದು ಏಳನೆಯ ತರಗತಿ. ಅವ್ವ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದವಳು, ಸಹಿ ಹಾಕುವುದನ್ನು ನನ್ನಿಂದ ಕಲಿತವಳು. ಲೆಕ್ಕಶಾಸ್ತ್ರದಲ್ಲಿ ಒಂದು ಸಲ ಫೇಲಾಗಿ, ಮತ್ತೆ ಕೂತು, ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಈಗ ಹರಿಹರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಮದುವೆಯಾಗಲಿಲ್ಲ, ಆ ಕಥೆ ಬೇರೆ, ಅದರಲ್ಲಿ ಅಳುವಂಥದ್ದೇನೂ ಇಲ್ಲ.

ಗಿಟಾರಿನ ಕನಸು ಕಂಡವಳೂ ನಾನಲ್ಲ. ಕಚೇರಿಯಲ್ಲಿ ಒಬ್ಬರ ಬೀಳ್ಕೊಡುಗೆ ಇತ್ತು. ಮೈಕ್ ಸೆಟ್ ಬಾಡಿಗೆಗೆ ಹೇಳಿ ಬರಲು ನನ್ನನ್ನು ಕಳಿಸಿದರು. ಆ ಅಂಗಡಿಯ ಗೋಡೆಯಲ್ಲಿ ವೈರುಗಳ ನಡುವೆ ಈ ಕೆಂಪು ಗಿಟಾರು ನೇತಾಡುತ್ತಿತ್ತು. ಬಣ್ಣ ಅಲ್ಲಲ್ಲಿ ಎದ್ದಿತ್ತು. ನಾನು ಸುಮ್ಮನೆ ನೋಡಿದ್ದೇ ತಪ್ಪಾಯಿತು.

“ಆರ್ಕೆಸ್ಟ್ರಾದವನೊಬ್ಬ ಮಾರಿ ಹೋದ ಮೇಡಂ. ಮೂರು ವರ್ಷ ಆತು, ಯಾರೂ ಕೇಳ್ತಿಲ್ಲ. ತಗೊಂಡು ಹೋಗ್ರಿ, ನನಗೆ ಜಾಗ ಖಾಲಿ ಆಗ್ತೈತೆ,” ಎಂದ ಅಂಗಡಿಯವನು. ಹಾಗೆನ್ನುತ್ತಲೇ ಅದಕ್ಕೊಂದು ವೈರು ಚುಚ್ಚಿ, ಸ್ಪೀಕರಿನ ಸ್ವಿಚ್ಚು ಒತ್ತಿ, ನನ್ನ ಕೈಗೆ ಕೊಟ್ಟ. “ಆ ಮ್ಯಾಲಿನ ದಪ್ಪ ತಂತಿ ಹೊಡೀರಿ, ಹೆಂಗೈತೆ ನೋಡ್ರಿ.”

ಹೊಡೆದೆ. ಆ ಸದ್ದು ಮೊದಲು ಬಂದದ್ದು ಕಿವಿಗಲ್ಲ. ಹೊಟ್ಟೆಗೆ ಒತ್ತಿ ಹಿಡಿದಿದ್ದ ಮರದಿಂದ ಎದೆಗೆ ಬಂತು. ಮುಂದೆ ನಿಂತಿದ್ದ ಗಿರಾಕಿ ತಿರುಗಿ ನೋಡಿದ. ನಾನು ಇನ್ನೊಮ್ಮೆ ಹೊಡೆದೆ. ಜೀವನದಲ್ಲಿ ನಾನು ಮಾಡಿದ ಯಾವ ಕೆಲಸವೂ ಇಷ್ಟು ಬೇಗ, ಇಷ್ಟು ಜೋರಾಗಿ ಉತ್ತರ ಕೊಟ್ಟಿರಲಿಲ್ಲ. ಒಂದು ಮಿಕ್ಸರಿಗಿಂತ ಕಡಿಮೆ ಬೆಲೆಗೆ ಅದು ನನ್ನದಾಯಿತು. ಗೋಣಿಚೀಲದಲ್ಲಿ ಸುತ್ತಿ ಕೊಟ್ಟ. ಬಸ್ಸಿನಲ್ಲಿ ಕಂಡಕ್ಟರು, “ಏನ್ರಿ ಮೇಡಂ, ಗುದ್ದಲಿಯೇನ್ರಿ?” ಎಂದು ಕೇಳಿದ.

ಆದರೆ ಮಾವನ ಮಾತು ನಿಜವಾಗುವ ಹಾಗೆಯೇ ಕಂಡಿತು. ನಿಜಲಿಂಗಪ್ಪ ಬಡಾವಣೆಯ ಹತ್ತಿರ, ಒಂದು ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸಂಗೀತದ ಕ್ಲಾಸು ನಡೆಸುವ ಮೇಷ್ಟ್ರೊಬ್ಬರ ಬಳಿ ಸೇರಿಕೊಂಡೆ. ನನಗಿಂತ ಹತ್ತು ವರ್ಷ ಚಿಕ್ಕವರು. ಅವರು ನನಗೆ ಮೇಡಂ ಎನ್ನುತ್ತಿದ್ದರು, ನಾನು ಅವರಿಗೆ ಸರ್ ಎನ್ನುತ್ತಿದ್ದೆ. ಅವರು ಹೇಳಿದ ಜಾಗದಲ್ಲಿ ಬೆರಳು ಒತ್ತಿದರೂ ತಂತಿ ಗರಗರ ಎನ್ನುತ್ತಿತ್ತು. ತಂತಿಗಳು ಎಷ್ಟು ಎತ್ತರದಲ್ಲಿದ್ದವೆಂದರೆ ಒತ್ತಿ ಒತ್ತಿ ಬೆರಳ ತುದಿಯಲ್ಲಿ ಗೀರು ಬೀಳುತ್ತಿತ್ತು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಹೊಡೆದಿರುತ್ತಾರಲ್ಲ ಲೋಹದ ಪಟ್ಟಿಗಳು, ಅವುಗಳ ತುದಿ ಅಂಗೈಯನ್ನು ಬ್ಲೇಡಿನ ಹಾಗೆ ಕೊಯ್ಯುತ್ತಿತ್ತು.

“ಅಗ್ಗದ ಗಿಟಾರು ಮೇಡಂ, ಹಿಂಗೇ ಇರ್ತಾವೆ. ಮುಂದೆ ಒಂದು ಚಲೋದು ತಗೋರಿ,” ಎಂದರು ಮೇಷ್ಟ್ರು.

ಮೂರನೆಯ ವಾರಕ್ಕೆ ನಾನು ಗಿಟಾರನ್ನು ಬೀರುವಿಗೆ ಒರಗಿಸಿ, ಕ್ಲಾಸಿಗೆ ಹೋಗುವುದನ್ನು ಬಿಟ್ಟೆ. ಒಂದು ಸಂಜೆ ಹರಿಹರದಿಂದ ಬಂದು ಗೇಟು ತೆರೆದರೆ, ಪಡಸಾಲೆಯಲ್ಲಿ ಹಳೆಯ ಪೇಪರಿನ ಮೇಲೆ ನನ್ನ ಗಿಟಾರು ತುಂಡು ತುಂಡಾಗಿ ಬಿದ್ದಿತ್ತು. ಕತ್ತು ಒಂದು ಕಡೆ, ಹೊಟ್ಟೆ ಒಂದು ಕಡೆ. ಆರು ತಂತಿಗಳು ಸುರುಳಿ ಸುತ್ತಿಕೊಂಡು ಸಾಲಾಗಿದ್ದವು. ಸ್ಕ್ರೂಗಳು ಅವ್ವನ ನಾಲ್ಕು ಸ್ಟೀಲ್ ಮುಚ್ಚಳಗಳಲ್ಲಿ ಬೇರೆ ಬೇರೆಯಾಗಿದ್ದವು. ನಡುವೆ ಅಪ್ಪ, ಕನ್ನಡಕ ಹಾಕಿಕೊಂಡು, ಸಲಕರಣೆಗಳ ತನ್ನ ಹಳೆಯ ಹಸಿರು ಪೆಟ್ಟಿಗೆ ತೆರೆದುಕೊಂಡು ಕೂತಿದ್ದ.

“ಅಪ್ಪ! ಏನ್ ಮಾಡ್ದಿ ಇದು?” ಎಂದು ಚೀರಿದೆ. ಕೇಳಿಸಲಿಲ್ಲ. ನನ್ನ ನೆರಳು ಬಿದ್ದಾಗ ತಲೆ ಎತ್ತಿದ.

“ಇದನ್ನ ಯಾವನು ಜೋಡ್ಸ್ಯಾನೆ?” ಎಂದ, ನನ್ನ ಮೇಲೆಯೇ ಸಿಟ್ಟಾದ ಹಾಗೆ. “ಪಟ್ಟಿ ಕತ್ತರಿಸಿದ್ ಮ್ಯಾಲೆ ಬರ್, ಆ ಚೂಪು ಅಂಚು, ಹಂಗೇ ಬಿಟ್ಟಾನೆ. ಮುಟ್ಟಿ ನೋಡು, ಗರಗಸ ಇದ್ದಂಗ ಐತೆ. ಒಂದು ಎತ್ತರ, ಒಂದು ತಗ್ಗು. ನಮ್ಮ ಸೆಕ್ಷನ್ನಿನಾಗೆ ಇಂಥಾದ್ದು ಕೊಟ್ಟಿದ್ರೆ ಸೂಪರ್‌ವೈಸರ್ ಮಾರಿ ಮ್ಯಾಲೆ ಒಗಿತಿದ್ದ. ಮರ ಚಲೋ ಐತೆ. ಕೆಲಸದವನು ಸರಿ ಇಲ್ಲ.”

ನಾನು ಚೀಲ ಹೆಗಲಲ್ಲೇ ಇಟ್ಟುಕೊಂಡು ನಿಂತುಬಿಟ್ಟೆ. ಎರಡು ವರ್ಷದಲ್ಲಿ ಅಪ್ಪ ಒಂದೇ ಉಸಿರಿಗೆ ಇಷ್ಟು ಮಾತಾಡಿರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಕೈಸನ್ನೆ ಮಾಡಿದಳು: ಸುಮ್ಮನಿರು.

ಆ ಕೆಲಸ ಐದು ದಿನ ನಡೆಯಿತು. ಸಣ್ಣ ಅರದಿಂದ ಪ್ರತಿ ಪಟ್ಟಿಯ ತುದಿಯನ್ನೂ ಉಜ್ಜಿ ದುಂಡಗೆ ಮಾಡಿದ. ತೆಳು ಉಕ್ಕಿನ ಎಲೆಗಳ ಗೊಂಚಲೊಂದು ಅವನ ಬಳಿ ಇತ್ತು, ಯಂತ್ರದ ಭಾಗಗಳ ನಡುವಿನ ಸಂದಿ ಅಳೆಯುವಂಥದ್ದು. ಅದರ ಎಲೆಗಳನ್ನು ಒಂದೊಂದಾಗಿ ತಂತಿಯ ಕೆಳಗೆ ತೂರಿಸಿ, ಕಣ್ಣು ಮುಚ್ಚಿ, ಬೆರಳಲ್ಲೇ ಅಂದಾಜು ಮಾಡಿದ. ಕತ್ತು ಹೊಟ್ಟೆಗೆ ಕೂರುವ ಜಾಗದಲ್ಲಿ ಸ್ವಲ್ಪ ಎತ್ತರ ಬೇಕಾಯಿತು. ಒಂದು ಲಗ್ನಪತ್ರಿಕೆಯ ಮೂಲೆ ಕತ್ತರಿಸಿ ಒಳಗೆ ಇಟ್ಟು ಸ್ಕ್ರೂ ತಿರುಗಿಸಿದ. ನಾನು ಬಾರಿಸಿ ನೋಡಲಿಲ್ಲ. ಮುಗಿಯುವ ತನಕ ಮುಟ್ಟಬೇಡ ಎಂದಿದ್ದ.

ಆರನೆಯ ದಿನ ಅದನ್ನು ಎತ್ತಿಕೊಂಡು ಮತ್ತೆ ಕ್ಲಾಸಿಗೆ ಹೋದೆ. ಬೆರಳಿಟ್ಟರೆ ತಂತಿ ಜಾರಿ ಹೋಯಿತು. ಇನ್ನೊಮ್ಮೆ ಇಟ್ಟೆ, ಮತ್ತೆ ಜಾರಿತು. ಬಂದ ಸದ್ದೂ ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡವರ ಮಾತಿನ ಹಾಗಿತ್ತು. ಮೇಷ್ಟ್ರು ತಂತಿ ಸವರಿ, ಬೆರಳು ಮೂಸಿ ನೋಡಿದರು.

“ಮೇಡಂ, ಇದಕ್ಕೆ ಒಗ್ಗರಣಿ ಹಾಕೀರೇನು?”

ಅಪ್ಪ ಗಿಟಾರಿಗೆ ಮೇಲಿಂದ ಕೆಳಗಿನ ತನಕ ಮಷೀನ್ ಎಣ್ಣೆ ಹಚ್ಚಿದ್ದ. ಮೂವತ್ತು ವರ್ಷ ಪಾಳಿ ಮುಗಿದಾಗಲೆಲ್ಲ ಲೇತನ್ನು ಒರೆಸಿ, ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿ ಮನೆಗೆ ಬಂದ ಕೈ ಅದು. ಕೆಲಸ ಮುಗಿದ ಮೇಲೆ ಕಬ್ಬಿಣವನ್ನು ಎಣ್ಣೆ ಸವರದೆ ಬಿಟ್ಟು ಏಳುವುದು ಅದಕ್ಕೆ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಮೇಷ್ಟ್ರು ನಗು ನಿಲ್ಲಿಸಿ ಗಿಟಾರಿನ ಕತ್ತನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು, ತುದಿಗಳ ಮೇಲೆ ಹೆಬ್ಬೆರಳು ಎಳೆದರು.

“ಎಣ್ಣಿ ಹೋಗ್ಲಿ. ಈ ಕೆಲಸ ಯಾರು ಮಾಡ್ಯಾರೆ? ನನ್ನ ಗಿಟಾರಿಗಿಂತ ಮೆತ್ತಗ ಐತಲ್ರಿ.”

ಮನೆಗೆ ಬಂದು ನಾನು ಒಂದು ತಪ್ಪು ಮಾಡಿದೆ. ಅವ್ವನಿಗೆ ಮೊದಲು ಎಣ್ಣೆಯ ಕಥೆ ಹೇಳಿದೆ. ಹೊಗಳಿಕೆಯ ಮಾತಿಗೆ ಬರುವ ಮೊದಲೇ ಅವಳು ನಗು ತಡೆಯಲಾರದೆ ಹೋಗಿ ಅಪ್ಪನ ಕಿವಿಯ ಹತ್ತಿರ, ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು: “ಎಣ್ಣಿ ಹಚ್ಚಿ ಕೆಡ್ಸಿಬಿಟ್ಟೀರಂತೆ! ಎಲ್ಲಾರೂ ನಕ್ಕರಂತೆ!”

ಅಪ್ಪನೂ ನಕ್ಕು ತಲೆಯಾಡಿಸಿದ. ಆದರೆ ಈ ಸಲ ಕೇಳಿಸಿತ್ತು. ಎದ್ದು ಹೋಗಿ ಹಸಿರು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, ಕಿಟಕಿಯ ಪಕ್ಕ ಹೋಗಿ ಕೂತ. ಎಂಟು ದಿನ ಗಿಟಾರಿನ ಕಡೆ ತಿರುಗಿ ನೋಡಲಿಲ್ಲ. ಅವ್ವ ಒಂದು ಮಧ್ಯಾಹ್ನ ಅವನಿಗೆ ಇಷ್ಟವೆಂದು ಮಿರ್ಚಿ ಮಾಡಿ ಮಂಡಕ್ಕಿ ಕಲಸಿ ಕೊಟ್ಟಳು. ತಿಂದ, ನಕ್ಕ, ತಲೆಯಾಡಿಸಿದ. ಅವ್ವ ಅಡುಗೆಮನೆಗೆ ಬಂದು, “ನನ್ನ ಬಾಯಿಗೆ ಬರೆ ಹಾಕ,” ಎಂದು ಅತ್ತಳು. ತಪ್ಪು ಅವಳದಾಗಿರಲಿಲ್ಲ, ನನ್ನದು. ಅರ್ಧ ಸುದ್ದಿ ತಂದವಳು ನಾನು.

ಕೂಗಿ ಹೇಳಿದರೆ ಮತ್ತೆ ಓಣಿಗೆಲ್ಲ ಕೇಳುತ್ತದೆ. ಕಚೇರಿಯಿಂದ ತಂದ ಬಿಳಿ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ನಿನ್ನ ಈ ಕೈಕೆಲಸ ತಮ್ಮ ಗಿಟಾರಿಗಿಂತ ಚೆನ್ನಾಗಿದೆ ಎಂದು ಮೇಷ್ಟ್ರು ಹೇಳಿದರು. ಎಣ್ಣೆ ಒಂದನ್ನು ಬಿಟ್ಟು ಎಲ್ಲ ಸರಿ ಇದೆ. ಹೊಸ ತಂತಿ ತಂದಿದ್ದೇನೆ, ನನಗೆ ಕಟ್ಟಲು ಬರುವುದಿಲ್ಲ. ಅಪ್ಪ ತುಟಿ ಅಲ್ಲಾಡಿಸುತ್ತ, ಅಕ್ಷರದ ಕೆಳಗೆ ಬೆರಳು ಹಿಡಿದು, ಎರಡು ಸಲ ಓದಿದ.

“ಯಾವ ಮೇಷ್ಟ್ರು? ಎಷ್ಟು ವರ್ಷದ ಸರ್ವಿಸು ಅವ್ರದು?”

ಹತ್ತು ಎಂದು ಎರಡೂ ಕೈಯ ಬೆರಳು ತೋರಿಸಿದೆ.

“ಹತ್ತು ವರ್ಷ ಅಂದ್ರೆ ಸಲ್ಪ ತಿಳಿದಿರ್ತೈತೆ,” ಎಂದು ಮಂಚದ ಕೆಳಗಿಂದ ಪೆಟ್ಟಿಗೆ ಎಳೆದ.

ಆ ಸಂಜೆ ನಡೆದದ್ದನ್ನು ಇಂದಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಟಿಫಿನ್ ಕ್ಯಾರಿಯರಿನಷ್ಟು ಎತ್ತರದ ಸಣ್ಣ ಸ್ಪೀಕರೊಂದನ್ನು ಮೇಷ್ಟ್ರು ಎರವಲು ಕೊಟ್ಟಿದ್ದರು. ಅದನ್ನು ಅಪ್ಪನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟು ವೈರು ಸಿಕ್ಕಿಸಿದೆ. ಯಂತ್ರ ಬಿಸಿಯಾಗಿದೆಯೇ ಎಂದು ನೋಡುವವನಂತೆ ಅಪ್ಪ ಅದರ ತಲೆಯ ಮೇಲೆ ಅಂಗೈ ಇಟ್ಟ. ನಾನು ದಪ್ಪ ತಂತಿ ಹೊಡೆದೆ.

ಅಪ್ಪ ಕೈ ತೆಗೆದ. ಮತ್ತೆ ಇಟ್ಟ. ಮತ್ತೆ ತೆಗೆದ.

“ಬರ್ತೈತೆ,” ಎಂದ. “ಕೈ ತೆಗೆದ್ರೂ ಬರ್ತೈತಲ್ಲೇ!”

ಎರಡನೆಯ ತಂತಿ, ಮೂರನೆಯ ತಂತಿ. ಪ್ರತಿಯೊಂದಕ್ಕೂ ಹೂಂ, ಹೂಂ ಎಂದ. ನಾಲ್ಕನೆಯದಕ್ಕೆ ಕಣ್ಣು ಕಿರಿದು ಮಾಡಿ ಮುಂದೆ ಬಾಗಿದ. ಕೊನೆಯ ಸಣ್ಣ ತಂತಿಗೆ ಬಂದು ಅದರ ತೀರಾ ತೆಳು ಸ್ವರಗಳನ್ನು ನುಡಿಸುತ್ತಿದ್ದಾಗ ಕೇಳಿದ:

“ಯಾಕ ನಿಲ್ಸಿದಿ?”

ನಾನು ನಿಲ್ಲಿಸಿರಲಿಲ್ಲ. ಬಾರಿಸುತ್ತಲೇ ಇದ್ದೆ.

ಗಿಟಾರು ಕೆಳಗಿಟ್ಟು ಬೀರುವಿನಿಂದ ಒಂದು ಫೈಲು ತೆಗೆದೆ. ಕಿವಿ ಡಾಕ್ಟರು ಎರಡು ವರ್ಷದ ಹಿಂದೆ ಕೊಟ್ಟ ಕಾಗದ ಅದರಲ್ಲಿತ್ತು. ಎಡಗಡೆ ಮೇಲಿದ್ದು ಬಲಗಡೆಗೆ ಹೋದಂತೆ ಗುಡ್ಡ ಇಳಿದಂತೆ ಇಳಿಯುವ ಒಂದು ಗೆರೆ. ಪದವೀಧರೆಯಾದ ನಾನು ಅದಕ್ಕೆ ತೂತು ಹೊಡೆದು, ದಾರ ಕಟ್ಟಿ, ಫೈಲಿನ ಮೇಲೆ ಹೆಸರು ಬರೆದು ಒಳಗಿಟ್ಟಿದ್ದೆ. ಓದಿರಲಿಲ್ಲ. ದಪ್ಪ ದನಿಗಳು ಅಪ್ಪನಿಗೆ ಇನ್ನೂ ಇವೆ, ತೆಳು ದನಿಗಳು ಹೋಗಿವೆ ಎಂದು ಆ ಗೆರೆ ಎರಡು ವರ್ಷದಿಂದ ಹೇಳುತ್ತಲೇ ಇತ್ತು. ಅವ್ವನ ದನಿ ತೆಳು. ನನ್ನದು ಇನ್ನೂ ತೆಳು. ಕೂಗಿದಷ್ಟೂ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಅವನಿಗೆ ಕೇಳಿಸಲೆಂದು ನಾವು ಚೀರಿದ್ದೆಲ್ಲ ಅವನಿಗೆ ಕೇಳದ ಕಡೆಗೇ ಓಡಿ ಹೋಗುತ್ತಿತ್ತು. ಅಪರೂಪಕ್ಕೊಮ್ಮೆ ಕಿವಿಗೆ ಬಾಯಿ ಹಚ್ಚಿ ಕೂಗಿದಾಗ ಸಿಕ್ಕಷ್ಟೇ ಸಿಕ್ಕಿತ್ತು. ಮಾವನಂಥವರ ದನಿ ದಪ್ಪವೇ, ಆದರೆ ಅವರ ಮಾತಿನ ಓಟದಲ್ಲಿ ಅಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು.

ಅಪ್ಪನ ಎದುರು ಕೂತು, ಎದೆಯಿಂದ ದನಿ ತೆಗೆದು, ಒಂದೊಂದೇ ಮಾತು ಬಿಡಿಸಿ ಹೇಳಿದೆ: “ಅಪ್ಪ. ಚಹಾ. ಕುಡೀತೀಯಾ?”

“ಸಕ್ರಿ ಕಮ್ಮಿ ಹಾಕು,” ಎಂದ ಅಪ್ಪ.

ಅವ್ವ ಬಾಗಿಲಲ್ಲಿ ನಿಂತಿದ್ದಳು. “ಏ, ನಾನೂ ಇನ್ಮುಂದೆ ಹಂಗೇ ಮಾತಾಡ್ಬೇಕೇನು? ಎಮ್ಮಿ ಒದರಿದಂಗೆ?” ಎಂದು ಕೇಳಿದಳು. ಆಮೇಲೆ ತಾನೇ ಒಳಗೆ ಹೋಗಿ, ಸಕ್ಕರೆ ಡಬ್ಬಿ ಹಿಡಿದುಕೊಂಡು ಬಂದು, ದನಿ ದಪ್ಪ ಮಾಡಿ, “ರೀ, ಒಂದು ಚಮಚ ಸಾಕೇನು?” ಎಂದಳು. ಅಪ್ಪ ಅವಳ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅದು ತಲೆಯಾಡಿಸುವ ನಗುವಾಗಿರಲಿಲ್ಲ.

ಎಲ್ಲ ಮಾತೂ ಕೇಳುವಂತಾಯಿತು ಎಂದರೆ ಸುಳ್ಳಾಗುತ್ತದೆ. ಹತ್ತರಲ್ಲಿ ಐದು ತಾಗುತ್ತಿತ್ತು, ಉಳಿದದ್ದಕ್ಕೆ ಹಾಳೆ ಇತ್ತು. ಆದರೆ ದಿನಾ ಸಂಜೆ ನಾನು ಬಸ್ಸಿಳಿದು ಬಂದು ಮುಖ ತೊಳೆಯುವಷ್ಟರಲ್ಲಿ ಸ್ಪೀಕರು ಸ್ಟೂಲಿನ ಮೇಲೆ ತಯಾರಾಗಿರುತ್ತಿತ್ತು. ಅಪ್ಪ ನನ್ನಿಂದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿಸಿ, ಮರದ ಮೇಲೆ ಬೆರಳಿಟ್ಟು, “ಇವೆರಡೂ ಇನ್ನೂ ಜಗಳಾಡ್ತಾವೆ,” ಎನ್ನುತ್ತಿದ್ದ. ಬಿರಡೆಯನ್ನು, ಎಂದರೆ ತಂತಿ ಬಿಗಿ ಮಾಡುವ ತಿರುಗಣೆಯನ್ನು, ಕೂದಲೆಳೆಯಷ್ಟು ತಿರುಗಿಸಿ, “ಈಗ ರಾಜಿ ಆದ್ವು,” ಎನ್ನುತ್ತಿದ್ದ. ಮೇಷ್ಟ್ರು ನನ್ನ ಫೋನಿಗೆ ಹಾಕಿಕೊಟ್ಟಿದ್ದ ಆ್ಯಪಿನಲ್ಲಿ ಪರೀಕ್ಷೆ ಮಾಡಿದರೆ ಸ್ವರ ಸರಿಯಾಗಿರುತ್ತಿತ್ತು. ಅಗ್ಗದ ಗಿಟಾರಿನ ಬಿರಡೆ ಸಡಿಲ. ಅರ್ಧ ಗಂಟೆಗೊಮ್ಮೆ ಜಾರುತ್ತಿತ್ತು. ಅಪ್ಪನಿಗೆ ಅದೇ ಖುಷಿ. ಕೆಡದಿದ್ದರೆ ಅವನಿಗೇನು ಕೆಲಸ?

ನನಗೂ ಖುಷಿಯಾಗುತ್ತಿತ್ತು, ಅದನ್ನೂ ಹೇಳಬೇಕು. ದುಬಾರಿಯದಾಗಿದ್ದರೆ ಮುಟ್ಟಲು ಹೆದರುತ್ತಿದ್ದೆ. ಇದನ್ನು ಬಿಚ್ಚಬಹುದು, ಉಜ್ಜಬಹುದು, ಲಗ್ನಪತ್ರಿಕೆ ತುರುಕಬಹುದು. ಓದುವುದೆಂದರೆ ನನಗೆ ಯಾವಾಗಲೂ ಫೇಲಾಗುವ ಹೆದರಿಕೆ ಬೆನ್ನಿಗಿತ್ತು. ಈ ಕೆಂಪು ಮರದ ತುಂಡಿನ ಮುಂದೆ ಆ ಹೆದರಿಕೆ ಇರಲಿಲ್ಲ. ತಪ್ಪಾದರೆ ಅವ್ವ, “ಏ, ಅದು ಬ್ಯಾಡ, ಮೊದಲಿಂದು ಹಾಕು,” ಎನ್ನುತ್ತಿದ್ದಳು. ನಾನು ಮೊದಲಿನಿಂದ ಬಾರಿಸುತ್ತಿದ್ದೆ. ಭಾನುವಾರ ಮಾವ ಬಂದು, “ಇನ್ನೂ ನಡಿದೈತೇನು ಇದು?” ಎಂದು ಕೇಳುತ್ತ, ಸ್ಪೀಕರಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಅವರನ್ನು ಒಪ್ಪಿಸುವ ಕೆಲಸವನ್ನು ನಾನು ಡಿಗ್ರಿಯ ಕಾಲದಲ್ಲೇ ಬಿಟ್ಟಿದ್ದೆ.

ವರ್ಷದ ಕೊನೆಗೆ ಮೇಷ್ಟ್ರ ಕ್ಲಾಸಿನಲ್ಲಿ ಪ್ರಾಥಮಿಕ ಹಂತದ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರ ಮುಂದೆ, ಎಲ್ಲರ ಮನೆಯವರು ಕೂತಿರುವ ಸಭೆಯಲ್ಲಿ, ನಾಲ್ಕು ಸಾಲಿನ ಒಂದು ಪಾಠ ನುಡಿಸಬೇಕು. ಪಾಸಾದವರಿಗೆ ಅವತ್ತೇ ಸರ್ಟಿಫಿಕೇಟ್. ನನಗೆ ಅಪ್ಪ ಬರಬೇಕಿತ್ತು. ಪಾಸೋ ಫೇಲೋ ಆಮೇಲಿನ ಮಾತು. ನಾಲ್ಕು ಜನರ ನಡುವೆ ಅವನು ಒಂದು ಸಂಜೆ ಕೂತರೆ ಸಾಕಿತ್ತು.

ಅಪ್ಪ ಒಪ್ಪಲಿಲ್ಲ. “ಅಲ್ಲಿ ಬಂದು ನಾನೇನು ಮಾಡ್ಲಿ? ಯಾರಾರ ಏನಾರ ಕೇಳ್ತಾರೆ, ನಾನು ಹಲ್ಲು ಕಿರೀತೀನಿ. ಮತ್ತ ಅದೇ ಕಥಿ ಆಗ್ತೈತೆ. ನೀನು ನಿಮ್ಮವ್ವ ಹೋಗಿ ಬರ್ರಿ.”

ನಾನು ಹಾಳೆ ತೆಗೆದುಕೊಂಡೆ. ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಅವ್ವ ಬಂದು ಅವನ ಎದುರು ನೆಲದ ಮೇಲೆ ಕೂತು, ದಪ್ಪ ದನಿಯಲ್ಲಿ ಹೇಳಿದಳು: “ಬ್ಯಾಡ ಬಿಡ್ರಿ. ಅಲ್ಲಿ ಬಿರಡಿ ಜಾರಿದ್ರೆ ಆ ಮೇಷ್ಟ್ರೇ ತಿರುವ್ತಾರೆ.”

ಅಪ್ಪ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡ. “ಅವ್ರು ಜೋರಾಗಿ ತಿರುವಿ ಹರೀತಾರೆ,” ಎಂದ. ಬಿರಡೆಯನ್ನೊಮ್ಮೆ ಮುಟ್ಟಿ ನೋಡಿ, “ಎಷ್ಟು ಗಂಟೀಗೆ?” ಎಂದ.

ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಅಪ್ಪ ಸಭೆಗೆ ಬಂದ. ಪ್ರೇಕ್ಷಕರ ಕುರ್ಚಿಗಳ ಕಡೆ ಹೋಗಲೇ ಇಲ್ಲ; ನೇರವಾಗಿ ವೇದಿಕೆಯ ಪಕ್ಕ, ದೊಡ್ಡ ಸ್ಪೀಕರಿನ ಹತ್ತಿರ, ಕೆಲಸಕ್ಕೆ ಬಂದವನ ಹಾಗೆ ಕುರ್ಚಿ ಎಳೆದುಕೊಂಡು ಕೂತ. ಅಲ್ಲಿ ಇನ್ನೊಬ್ಬರು ಕೂತಿದ್ದರು, ಯಾವುದೋ ಹುಡುಗಿಯ ತಂದೆ ಇರಬೇಕು. ಮಲೆಬೆನ್ನೂರಿನ ಕಡೆಯವರೆಂದು ಆಮೇಲೆ ತಿಳಿಯಿತು. ಅವರು ಅಪ್ಪನ ಕಡೆ ಬಾಗಿ ಏನೋ ಕೇಳಿದರು. ನಾನು ವೇದಿಕೆಯ ಮೆಟ್ಟಿಲ ಬಳಿ ಗಿಟಾರು ಹಿಡಿದು ನಿಂತಿದ್ದೆ. ಅಪ್ಪನ ಮುಖದಲ್ಲಿ ಆ ಹಳೆಯ ನಗು ಮೂಡುವುದು ಕಂಡಿತು. ತಲೆಯಾಡಿಸುತ್ತಾನೆ, ಆಮೇಲೆ ಎದ್ದು ಹೊರಗೆ ಹೋಗುತ್ತಾನೆ ಎಂದುಕೊಂಡೆ.

ಅಪ್ಪ ತಲೆಯಾಡಿಸಲಿಲ್ಲ. ಕಿವಿ ಕೇಳದವರ ಮಾತು ಯಾವಾಗಲೂ ಅಗತ್ಯಕ್ಕಿಂತ ಜೋರು. ಅವನು ಹೇಳಿದ್ದು ಅರ್ಧ ಸಭೆಗೆ ಕೇಳಿತು.

“ನನಗೆ ಕಿವಿ ಮಂದ ಐತ್ರಿ. ಸಲ್ಪ ದಪ್ಪ ದನೀಲಿ, ಮೆಲ್ಲಕ ಹೇಳ್ರಿ. ಮಾರಿ ಈ ಕಡೆ ಮಾಡ್ರಿ.”

ಆ ಮನುಷ್ಯ ಕುರ್ಚಿಯನ್ನೇ ತಿರುಗಿಸಿಕೊಂಡು, ಅಪ್ಪನಿಗೆ ಎದುರಾಗಿ ಕೂತು, ಇನ್ನೊಮ್ಮೆ ಕೇಳಿದರು. ಅಪ್ಪ ಉತ್ತರ ಕೊಟ್ಟ. ಅವರು ಮತ್ತೆ ಏನೋ ಕೇಳಿದರು. ಅಪ್ಪ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಗಾಳಿಯಲ್ಲಿ ಏನನ್ನೋ ಬಿಡಿಸಿ ತೋರಿಸತೊಡಗಿದ. ನನ್ನ ಹೆಸರು ಕರೆದದ್ದು ನನಗೆ ಕೇಳಿಸಲಿಲ್ಲ. ಹಿಂದಿದ್ದವರು ಬೆನ್ನು ತಟ್ಟಿ ಕಳಿಸಿದರು.

ಮೊದಲ ಸಾಲನ್ನು ಸರಿಯಾಗಿ ನುಡಿಸಿ ಮುಗಿಸಿದೆ. ಎರಡನೆಯದಕ್ಕೆ ಬಂದಾಗ ಬೆರಳು ತಾಳ ಬಿಟ್ಟು ಮುಂದೆ ಹೋಯಿತು, ಹಿಡಿಯಹೋದರೆ ಇನ್ನೂ ಮುಂದೆ ಹೋಯಿತು. ಮೂರನೆಯದು ಹೇಗೆ ಬಂತೋ ತಿಳಿಯದು. ನಾಲ್ಕನೆಯದರಲ್ಲಿ ಕಣ್ಣೆತ್ತಿ ನೋಡಿದಾಗ ಅಪ್ಪನ ಅಂಗೈ ಸ್ಪೀಕರಿನ ಮೇಲಿತ್ತು. ಪಕ್ಕದವರೂ ಅವನನ್ನು ನೋಡಿ ತಮ್ಮ ಕೈ ಇಟ್ಟಿದ್ದರು. ಮುಗಿಸಿ ಇಳಿದೆ. ಬಿರಡೆ ಜಾರಿರಲಿಲ್ಲ.

ಕೊನೆಗೆ ಪಾಸಾದವರ ಹೆಸರು ಓದಿದರು. ನನ್ನದೂ ಇತ್ತು. ಆ ಸಭೆಯಲ್ಲಿ ಪರೀಕ್ಷಕರಿಗಿಂತ ಹಿರಿಯಳಾದ ವಿದ್ಯಾರ್ಥಿನಿ ನಾನೊಬ್ಬಳೇ ಇರಬೇಕು. ಅವರು ಸರ್ಟಿಫಿಕೇಟ್ ಕೊಡುವಾಗ ಎದ್ದು ನಿಂತು ಕೊಟ್ಟರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದವರಿಗೆ, “ಡಿಗ್ರೀನೂ ಆಗೈತ್ರಿ ಆಕೀದು,” ಎನ್ನುತ್ತಿದ್ದಳು.

ನಾನು ಇಳಿದು ಬಂದು ಕಾಗದವನ್ನು ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆರಳು ಹಿಡಿದು, ನನ್ನ ಹೆಸರಿನಿಂದ ಕೆಳಗಿನ ಸಹಿಯ ತನಕ ಓದಿದ. ಮಡಿಸದೆ ಮೊಣಕಾಲ ಮೇಲಿಟ್ಟುಕೊಂಡು ನನ್ನ ಮುಖ ನೋಡಿದ.

“ಎರಡನೇ ಸಾಲಿನಾಗೆ ಓಡ್ಸಿಬಿಟ್ಟಿ,” ಎಂದ. “ಯಾರು ಬೆನ್ನು ಹತ್ತಿದ್ರವ್ವ ನಿನ್ನ?”